ರಸ್ತೆಯ ಬೈಕು ಟ್ರ್ಯಾಕಿಗೆ ಇಳಿಯುವ ಮುನ್ನ

ಪುಣೆ ಕ್ಯಾಂಪಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಸಂಜೆ ಹೊತ್ತು ಬೈಕನ್ನು ಮೂರನೇ ಗೇರಿಗೆ ಹಾಕುವುದೇ ಕಷ್ಟ. ಸಿಗ್ನಲ್ಲು, ರಿಕ್ಷಾ, ಅಂಗಡಿಗೆ ಬಂದ ಜನ, ಎಲ್ಲಿಂದಲೋ ನುಗ್ಗುವ ಸ್ಕೂಟರು. ಅದೇ ಬೈಕು ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ನೇರ ದಾರಿಯ ಕೊನೆಗೆ ಗಂಟೆಗೆ 140 ಕಿ.ಮೀ. ವೇಗದಲ್ಲಿ ಬಂದು, ಕೆಲವೇ ಸೆಕೆಂಡುಗಳಲ್ಲಿ 60ಕ್ಕೆ ಇಳಿದು, ತಿರುವಿನೊಳಕ್ಕೆ ವಾಲಬೇಕು. ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು. ಹದಿನೈದು ಇಪ್ಪತ್ತು ನಿಮಿಷ ಇದೇ ಕೆಲಸ, ಬಿಡುವಿಲ್ಲದೆ. ದಿನಾ ಆಫೀಸಿಗೆ ಹೋಗಿ ಬರಲೆಂದು ಕೊಂಡ ಯಂತ್ರ ಇದನ್ನು ತಡೆದುಕೊಂಡೀತೆ? ಖಂಡಿತ ತಡೆದುಕೊಳ್ಳುತ್ತದೆ, ಸರಿಯಾಗಿ ಸಜ್ಜು ಮಾಡಿದರೆ. ಆ ಸಜ್ಜಿನಲ್ಲಿ ಇಂಜಿನ್ನಿನ ಶಕ್ತಿ ಹೆಚ್ಚಿಸುವ ಕೆಲಸ ಒಂದೂ ಇಲ್ಲ ಎಂಬುದನ್ನು ನಮ್ಮ ಹುಡುಗರಿಗೆ ಮೊದಲು ಹೇಳಬೇಕು.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ಸವಾರರನ್ನು ಅನುಭವಕ್ಕೆ ತಕ್ಕಂತೆ ಗುಂಪು ಮಾಡಿ, ಸರದಿಯ ಮೇಲೆ ಒಳಗೆ ಬಿಡುತ್ತಾರೆ. ಬಹುಮಾನವಿಲ್ಲ, ಸೋಲು ಗೆಲುವೂ ಇಲ್ಲ. ಎದುರಿಂದ ಲಾರಿ ಬರುವುದಿಲ್ಲ, ಗುಂಡಿ ಇಲ್ಲ, ದನ ಇಲ್ಲ, ಬಿದ್ದರೆ ಎತ್ತಿಕೊಳ್ಳಲು ಆಂಬುಲೆನ್ಸ್ ಕಾದಿರುತ್ತದೆ. ತನ್ನ ಬೈಕು ಏನು ಮಾಡಬಲ್ಲದು, ತಾನು ಏನು ಮಾಡಬಲ್ಲೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಪುಣೆ ಬೈಕುಗಳ ಊರು. ಪಲ್ಸರ್ 2001ರಲ್ಲಿ ಹುಟ್ಟಿದ್ದು ಇಲ್ಲಿಯ ಬಜಾಜ್ ಕಂಪನಿಯಲ್ಲಿ. ಊರಾಚೆಯ ಚಾಕಣದ ಕಾರ್ಖಾನೆಯಲ್ಲಿ ತಯಾರಾಗುವ ಕೆಟಿಎಂ ಬೈಕುಗಳು ಯುರೋಪಿನವರೆಗೆ ಹೋಗುತ್ತವೆ. ವಾಹನಗಳ ಪರೀಕ್ಷೆ ನಡೆಸುವ ಎಆರ್‌ಎಐ ಸಂಸ್ಥೆ 1966ರಿಂದ ಇಲ್ಲಿದೆ. ಕ್ಯಾಂಪಿನ ಕ್ವಾರ್ಟರ್ ಗೇಟ್ ದಾಟಿದರೆ ನಾನಾ ಪೇಟೆ. ಅಲ್ಲಿ ದ್ವಿಚಕ್ರ ವಾಹನದ ಬಿಡಿಭಾಗದ ಅಂಗಡಿಗಳ ಸಾಲೇ ಇದೆ. ಇಷ್ಟೆಲ್ಲ ಇದ್ದರೂ ದೊಡ್ಡ ಟ್ರ್ಯಾಕ್ ಬೇಕೆಂದರೆ ಪುಣೆಯವರು ಹೆಚ್ಚಾಗಿ ದಕ್ಷಿಣಕ್ಕೆ ಮುಖ ಮಾಡುತ್ತಾರೆ. ಒಂದು, 1990ರಲ್ಲಿ ತೆರೆದ 3.7 ಕಿ.ಮೀ. ಉದ್ದದ ಇರುಂಗಾಟ್ಟುಕೋಟೈ ಟ್ರ್ಯಾಕ್. ಇನ್ನೊಂದು, ಕೊಯಮತ್ತೂರಿನ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ. ಪುಣೆಯಿಂದ ಹೊರಟು ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಹಾದು ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯೇ ಇರುಂಗಾಟ್ಟುಕೋಟೈಗೂ ಒಯ್ಯುತ್ತದೆ. ಸಾವಿರ ಕಿ.ಮೀ. ಮೀರಿದ ಹಾದಿ. ಅಷ್ಟು ದೂರ ಓಡಿಸಿಕೊಂಡು ಹೋದರೆ ಟೈರಿನ ನಡುಭಾಗ ಸವೆದು ಚಪ್ಪಟೆಯಾಗುತ್ತದೆ, ಸವಾರನ ಕೈಯೂ ಸೋಲುತ್ತದೆ. ಟ್ಯಾಂಕು ಖಾಲಿ ಮಾಡಿ ರೈಲ್ವೆ ಪಾರ್ಸೆಲ್ಲಿಗೋ, ನಾಲ್ಕು ಜನ ಸೇರಿ ಲಾರಿಗೋ ಹಾಕುವುದು ಜಾಣತನ.

ಕ್ಯಾಂಪಿನ ಗಲ್ಲಿಯೊಂದರ ಗ್ಯಾರೇಜಿನಲ್ಲಿ ಕಿವಿಗೆ ಬಿದ್ದ ಮಾತು ಈ ಇಡೀ ವಿಷಯಕ್ಕೆ ಸರಿಯಾದ ಪೀಠಿಕೆ. ಕೆಲಸದವರು ಅಕ್ಕಲಕೋಟೆ ಕಡೆಯವರು, ಬೈಕು ತಂದವನು ಧಾರವಾಡದ ಹುಡುಗ. “ಅಣ್ಣಾರ, ಹೊಸಾ ಸೈಲೆನ್ಸರ್ ಹಾಕಿಸಿದ್ರ ಸ್ಪೀಡ್ ಎಷ್ಟ್ ಹೆಚ್ಚಾಗ್ತದ್ರಿ?” ಎಂದು ಅವನು ಕೇಳಿದ. “ಸ್ಪೀಡ್ ಇರ್ಲಿ ಸರ, ಬ್ರೇಕ್ ಆಯಿಲ್ ಯಾವಾಗ ಬದಲ್ ಮಾಡೀರಿ?” ಎಂದು ಅವರು ತಿರುಗಿ ಕೇಳಿದರು. ಹುಡುಗನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಬೈಕು 165 ಕಿಲೋ, ರಕ್ಷಣೆಯ ಗೇರು ತೊಟ್ಟ ಸವಾರ 75 ಕಿಲೋ, ಒಟ್ಟು 240. ವೇಗ 140ರಿಂದ 60ಕ್ಕೆ ಇಳಿದಾಗ ಕಳೆದುಕೊಳ್ಳಬೇಕಾದ ಚಲನಶಕ್ತಿ ಸುಮಾರು 148 ಕಿಲೋಜೂಲ್. ಅದರಲ್ಲಿ ಹೆಚ್ಚಿನದು ಬ್ರೇಕಿನಲ್ಲಿ ಶಾಖವಾಗಿಯೇ ಹೊರಬರಬೇಕು. ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವ ಶಾಖವೂ ಅಷ್ಟೇ. ಒಂದು ಚೊಂಬು ನೀರನ್ನು ಪ್ರತಿ ದೊಡ್ಡ ತಿರುವಿನಲ್ಲೂ ಮೂರ್ನಾಲ್ಕು ಸೆಕೆಂಡಿನಲ್ಲಿ ಕಾಯಿಸಿದಂತೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಇದರ ಬಹುಪಾಲು ಮುಂದಿನ ಡಿಸ್ಕಿನದೇ ಹೊಣೆ. ಒಂದು ಕಿಲೋ ಉಕ್ಕಿಗೆ ಅಷ್ಟೂ ಶಾಖ ಕೊಟ್ಟರೆ ಅದರ ಉಷ್ಣತೆ ಸುಮಾರು 300 ಡಿಗ್ರಿ ಏರುತ್ತದೆ. ಗಾಳಿ ಬೀಸಿ ತಣಿಯುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ.

ಈ ಶಾಖ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಕ್ಯಾಲಿಪರ್ ಪಿಸ್ಟನ್ನಿಗೆ, ಅಲ್ಲಿಂದ ಬ್ರೇಕ್ ದ್ರವಕ್ಕೆ ಹರಿಯುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಆದರೆ ಅದಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ರಬ್ಬರ್ ಹೋಸಿನ ಮೂಲಕವೂ ತೇವ ಒಳಸೇರುತ್ತದೆ. ನೀರಿನ ಅಂಶ ಶೇ 3.7ರಷ್ಟಾದರೆ ಅದೇ ದ್ರವದ ಕುದಿಬಿಂದುವಿಗೆ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಪುಣೆಯ ಎರಡು ಮೂರು ಮಳೆಗಾಲ ಕಂಡ ಬೈಕಿನ ದ್ರವ ಊರಿನೊಳಗೆ ಯಾವ ತೊಂದರೆಯನ್ನೂ ತೋರಿಸುವುದಿಲ್ಲ. ಟ್ರ್ಯಾಕಿನಲ್ಲಿ ಮೂರನೆಯದೋ ನಾಲ್ಕನೆಯದೋ ಸುತ್ತಿನಲ್ಲಿ ಕ್ಯಾಲಿಪರ್ ಒಳಗೆ ಅದು ಕುದಿಯುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಲಿವರ್ ಹಿಡಿದರೆ ಬೆರಳು ಹ್ಯಾಂಡಲ್ಲಿಗೆ ತಾಗುತ್ತದೆ, ಬ್ರೇಕು ಮಾತ್ರ ಹಿಡಿಯುವುದಿಲ್ಲ.

ಪರಿಹಾರ ಸುಲಭ, ಖರ್ಚೂ ಕಡಿಮೆ: ದ್ರವ ಬದಲಿಸುವುದು. ಅಕ್ಕಲಕೋಟೆಯವರು ಅದನ್ನು ಮಾಡುವ ರೀತಿ ನೋಡುವಂಥದ್ದು. ಮೊದಲು ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಾರೆ, ಈ ದ್ರವ ಬಣ್ಣವನ್ನು ತಿನ್ನುತ್ತದೆ. ಹ್ಯಾಂಡಲ್ ಮೇಲಿನ ಡಬ್ಬಿಯ ಮುಚ್ಚಳ ಬಿಚ್ಚಿ, ಕಂದು ತಿರುಗಿದ ಹಳೆಯ ದ್ರವವನ್ನು ಸಿರಿಂಜಿನಲ್ಲಿ ಎಳೆದು, ಆಗಷ್ಟೇ ಸೀಲ್ ಒಡೆದ ಹೊಸ ಬಾಟಲಿಯಿಂದ ತುಂಬುತ್ತಾರೆ. ಕ್ಯಾಲಿಪರಿನ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ ಅದರ ತುದಿಯನ್ನು ಬಾಟಲಿಯಲ್ಲಿ ಮುಳುಗಿಸುತ್ತಾರೆ. ಲಿವರ್ ಒತ್ತಿ ಹಿಡಿದು, ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಲಿವರ್ ಬಿಡುವ ಮೊದಲೇ ಬಿಗಿ ಮಾಡಬೇಕು. ತಡವಾದರೆ ಗಾಳಿ ಒಳಗೆ ಹೋಗುತ್ತದೆ. ಪೈಪಿನಲ್ಲಿ ಬರುವ ದ್ರವ ತಿಳಿಯಾಗಿ, ಒಂದು ಗುಳ್ಳೆಯೂ ಕಾಣದಂತಾಗುವವರೆಗೆ ಇದೇ ಕೆಲಸ. ನಡುವೆ ಡಬ್ಬಿ ಬರಿದಾಗಲು ಬಿಡಬಾರದು. ಪ್ಯಾಡು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಅದನ್ನೂ ಬದಲಿಸಿ, ಟ್ರ್ಯಾಕಿಗೆ ಹೋಗುವ ಮೊದಲೇ ರಸ್ತೆಯಲ್ಲಿ ಪಳಗಿಸಿಕೊಳ್ಳಬೇಕು.

ಇನ್ನು ಟೈರು. 50 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 80 ಕಿ.ಮೀ. ವೇಗದಲ್ಲಿ ದಾಟಲು ಬೈಕು ಸವಾರ ಇಬ್ಬರೂ ಸೇರಿ 45 ಡಿಗ್ರಿ ವಾಲಬೇಕಾಗುತ್ತದೆ. ಅಂದರೆ ಟೈರು ತನ್ನ ಮೇಲಿನ ತೂಕದಷ್ಟೇ ಬಲದಿಂದ ನೆಲವನ್ನು ಅಡ್ಡಕ್ಕೂ ಹಿಡಿದುಕೊಳ್ಳಬೇಕು. ಬೆಚ್ಚಗಾದ ಒಳ್ಳೆಯ ಟೈರಿಗೆ ಒಣ ಡಾಂಬರಿನ ಮೇಲೆ ಇದು ಸಾಧ್ಯ, ತಣ್ಣಗಿನ ಟೈರಿಗೆ ಅಲ್ಲ. ಆದ್ದರಿಂದ ಮೊದಲ ಎರಡು ಸುತ್ತು ನಿಧಾನ. ರಬ್ಬರ್ ಉರುಳುತ್ತ ಬಾಗಿ ನೆಟ್ಟಗಾಗುವಾಗ ಒಳಗಿಂದಲೇ ಕಾಯುತ್ತದೆ, ಅದರೊಂದಿಗೆ ಒಳಗಿನ ಗಾಳಿಯೂ ಕಾಯುತ್ತದೆ. 30 ಡಿಗ್ರಿ ಉಷ್ಣತೆಯಲ್ಲಿ 28 ಪಿಎಸ್‌ಐ ಒತ್ತಡ ತೋರಿಸುವ ಟೈರು 70 ಡಿಗ್ರಿಗೆ ಕಾದರೆ ಸುಮಾರು 33.5 ತೋರಿಸುತ್ತದೆ. ಒತ್ತಡ ಏರಿದಂತೆ ಟೈರು ಗಟ್ಟಿಯಾಗಿ, ನೆಲಕ್ಕೆ ತಾಗುವ ಜಾಗ ಕಿರಿದಾಗುತ್ತದೆ. ಟ್ರ್ಯಾಕಿನಲ್ಲಿ ರಸ್ತೆಗಿಂತ ಕಡಿಮೆ ಗಾಳಿಯಿಂದ ಶುರು ಮಾಡುವುದು ಇದಕ್ಕಾಗಿಯೇ. ಎಷ್ಟು ಕಡಿಮೆ ಎಂಬುದನ್ನು ಟೈರು ಕಂಪನಿಯ ಸೂಚನೆ ನೋಡಿಯೇ ತೀರ್ಮಾನಿಸಿ, ಪಕ್ಕದವನ ಮಾತು ಕೇಳಿ ಅಲ್ಲ.

ಪುಣೆಯವರಿಗೆ ಇನ್ನೊಂದು ಸೂಕ್ಷ್ಮವಿದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇರುಂಗಾಟ್ಟುಕೋಟೈ ಕರಾವಳಿಯ ಬಯಲಿನಲ್ಲಿದೆ. ಹೊರಗಿನ ಗಾಳಿಯ ಒತ್ತಡವೇ ಅಲ್ಲಿ ಹೆಚ್ಚು. ಕ್ಯಾಂಪಿನಲ್ಲಿ 28 ತೋರಿಸಿದ ಟೈರು, ಒಂದು ಗುಳ್ಳೆ ಗಾಳಿ ಹೋಗದಿದ್ದರೂ, ಅಷ್ಟೇ ಉಷ್ಣತೆಯಲ್ಲಿ ಅಲ್ಲಿ 27ರ ಆಸುಪಾಸು ತೋರಿಸುತ್ತದೆ. ಮೀಟರನ್ನು ಜೊತೆಗೆ ಒಯ್ದು ಟ್ರ್ಯಾಕಿನಲ್ಲೇ ಅಳೆಯಿರಿ. ಟೈರಿನ ಗೋಡೆಯ ಮೇಲಿನ ನಾಲ್ಕಂಕಿಯನ್ನೂ ನೋಡಿಕೊಳ್ಳಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷದ ಹಳೆಯ ಟೈರಿಗೆ ಗೆರೆ ಎಷ್ಟೇ ಆಳ ಇದ್ದರೂ ರಬ್ಬರ್ ಬಿರುಸಾಗಿರುತ್ತದೆ.

45 ಡಿಗ್ರಿ ವಾಲಿದಾಗ ಸಸ್ಪೆನ್ಷನ್ ಮೇಲೆ ಬೀಳುವ ಭಾರ 1.41 ಪಟ್ಟು. ನಮ್ಮ 240 ಕಿಲೋ ಆಗ 340 ಕಿಲೋ. ರಸ್ತೆಗೆಂದು ಮೆತ್ತಗೆ ಇಟ್ಟ ಸ್ಪ್ರಿಂಗ್ ಕುಸಿದು ಫುಟ್‌ರೆಸ್ಟ್ ನೆಲಕ್ಕೆ ಉಜ್ಜುತ್ತದೆ. ಸವಾರ ಗೇರು ತೊಟ್ಟು ಕೂತಾಗ 30ರಿಂದ 35 ಮಿ.ಮೀ. ಮಾತ್ರ ತಗ್ಗುವಂತೆ ಸ್ಪ್ರಿಂಗಿನ ಮೊದಲ ಬಿಗಿತವನ್ನು (ಪ್ರೀಲೋಡ್) ಹೊಂದಿಸಿದರೆ ಹೊಸಬರಿಗೆ ಸಾಕು. ಚೈನಿನ ಸಡಿಲು, ಹ್ಯಾಂಡಲ್ ಬೇರಿಂಗ್, ಚಕ್ರದ ಬೇರಿಂಗ್ ಇವನ್ನೂ ಆಗಲೇ ನೋಡಿಬಿಡಬೇಕು.

ಇಲ್ಲಿಯವರೆಗಿನದು ನಮಗಾಗಿ. ಇನ್ನು ಮುಂದಿನದು ಹಿಂದೆ ಬರುವ ಸವಾರನಿಗಾಗಿ, ಮತ್ತು ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯ. ರೇಡಿಯೇಟರಿನ ಕೂಲೆಂಟ್‌ನಲ್ಲಿ ಗ್ಲೈಕಾಲ್ ಇರುತ್ತದೆ. ಅದು ಡಾಂಬರಿನ ಮೇಲೆ ಚೆಲ್ಲಿದರೆ ನೀರಿನಂತೆ ಆರುವುದಿಲ್ಲ, ಜಾರುತ್ತದೆ. ಹಾಗಾಗಿ ಅನೇಕ ಟ್ರ್ಯಾಕುಗಳಲ್ಲಿ ಕೂಲೆಂಟ್ ತೆಗೆದು ಡಿಸ್ಟಿಲ್ಡ್ ವಾಟರ್ ತುಂಬಿಸಲು ಹೇಳುತ್ತಾರೆ. ಶಾಖ ಹೊರುವುದರಲ್ಲಿ ನೀರು ಕೂಲೆಂಟ್‌ಗಿಂತ ಮೇಲು, ಆದರೆ ಅಲ್ಯೂಮಿನಿಯಂ ತುಕ್ಕು ತಡೆಯುವ ಶಕ್ತಿ ಅದಕ್ಕಿಲ್ಲ.

ಆಯಿಲ್ ಇನ್ನೂ ಅಪಾಯ. ಇಂಜಿನ್ನಿನ ಕೆಳಗಿನ ಡ್ರೈನ್ ಬೋಲ್ಟ್ ಕಂಪನಕ್ಕೆ ಸಡಿಲವಾಗಿ ಬಿದ್ದರೆ ಒಂದು ಲೀಟರ್ ಆಯಿಲ್ ಆ ಬೈಕಿನದೇ ಹಿಂದಿನ ಟೈರಿನ ಮೇಲೆ, ಆಮೇಲೆ ಹಿಂದೆ ವಾಲಿಕೊಂಡು ಬರುವ ಹತ್ತು ಜನರ ದಾರಿಯಲ್ಲಿ. ಇದಕ್ಕೆ ವಿಮಾನದ ಮೆಕ್ಯಾನಿಕ್‌ಗಳೂ ನಂಬುವ ಒಂದು ಉಪಾಯವಿದೆ, ಲಾಕ್ ವೈರ್. ಬೋಲ್ಟಿನ ತಲೆಯಲ್ಲಿ ಸಣ್ಣ ತೂತು ಕೊರೆದು, ತೆಳು ಸ್ಟೀಲ್ ತಂತಿ ಪೋಣಿಸಿ, ಎರಡೂ ಎಳೆ ಹೊಸೆದು ಪಕ್ಕದ ಗಟ್ಟಿ ಜಾಗಕ್ಕೆ ಕಟ್ಟುತ್ತಾರೆ. ತಂತಿಯ ಎಳೆತ ಬೋಲ್ಟ್ ಬಿಗಿಯಾಗುವ ದಿಕ್ಕಿನಲ್ಲೇ ಇರಬೇಕು. ದಿಕ್ಕು ತಪ್ಪಿದರೆ ಕಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಆಯಿಲ್ ತುಂಬುವ ಮುಚ್ಚಳ, ಫಿಲ್ಟರಿನ ಮುಚ್ಚಳ, ಕ್ಯಾಲಿಪರ್ ಬೋಲ್ಟು ಇವಕ್ಕೂ ಹೀಗೇ. ಅಷ್ಟಾಗಿಯೂ ಸೋರಿದರೆ, ಕಪ್ಪು ಬಾವುಟದ ನಡುವೆ ಕಿತ್ತಳೆ ವೃತ್ತ ಕಂಡ ಕೂಡಲೇ ದಾರಿಯಿಂದ ಪಕ್ಕಕ್ಕೆ ಸರಿದು ನಿಲ್ಲಬೇಕು.

ಉಳಿದದ್ದು ಬಿಚ್ಚುವ ಕೆಲಸ. ಕನ್ನಡಿ, ನಂಬರ್ ಪ್ಲೇಟು, ಲೆಗ್ ಗಾರ್ಡ್, ಸೀರೆ ಗಾರ್ಡ್, ಸೆಂಟರ್ ಸ್ಟ್ಯಾಂಡ್ ತೆಗೆಯಬೇಕು. ಸೈಡ್ ಸ್ಟ್ಯಾಂಡ್ ತೆಗೆಯಬೇಕು ಇಲ್ಲವೇ ಕಟ್ಟಬೇಕು. ಲೆಗ್ ಗಾರ್ಡ್ ವಾಲಿದಾಗ ಮೊದಲು ನೆಲಕ್ಕೆ ತಾಗಿ ಚಕ್ರವನ್ನೇ ಎತ್ತಿಬಿಡಬಹುದು. ಹೆಡ್‌ಲೈಟು, ಇಂಡಿಕೇಟರಿಗೆ ಟೇಪು ಸುತ್ತಿದರೆ ಒಡೆದರೂ ಚೂರು ಚೆಲ್ಲುವುದಿಲ್ಲ. ಎಬಿಎಸ್ ಇದ್ದರೆ ಹಾಗೇ ಇರಲಿ. ಸವಾರನಿಗೆ ಲೆದರ್ ಸೂಟು, ಬೆನ್ನಿನ ರಕ್ಷಾಕವಚ, ಮಣಿಕಟ್ಟು ಮುಚ್ಚುವ ಗ್ಲೌಸು, ಬೂಟು, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಬೇಕೇ ಬೇಕು.

ಸೈಲೆನ್ಸರಿಗೆ ಇಟ್ಟ ದುಡ್ಡನ್ನು ಬ್ರೇಕ್ ದ್ರವ, ಪ್ಯಾಡು, ಟೈರಿಗೆ ಹಾಕಿ. ಮಿಕ್ಕಿದ್ದು ಟ್ರ್ಯಾಕಿನ ಶುಲ್ಕಕ್ಕಿರಲಿ. ಕಾತ್ರಜ್ ಘಾಟು, ಖಂಬಾಟ್ಕಿ ಘಾಟಿನಲ್ಲಿ ಭಾನುವಾರ ಬೆಳಿಗ್ಗೆ ಮಂಡಿ ತಾಗಿಸಲು ನೋಡುವ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟೇ: ಆ ತಿರುವಿನ ಆಚೆ ಹಾಲಿನ ಗಾಡಿ ಬರುತ್ತಿರಬಹುದು, ಆಸೆಯನ್ನು ಟ್ರ್ಯಾಕಿಗೆ ಕಾಯ್ದಿಡಿ. ಟ್ರ್ಯಾಕಿನಿಂದ ಮರಳಿದ ಬೈಕನ್ನು ಹಾಗೇ ರಸ್ತೆಗೂ ಇಳಿಸಬೇಡಿ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ಗಾರ್ಡ್ ಇರಲೇಬೇಕು ಎನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೇ ನಿಯಮ. ಕೂಲೆಂಟ್ ತುಂಬಿಸಿ, ಕನ್ನಡಿ ಹಾಕಿ, ಟೇಪು ಕಿತ್ತು, ಗಾಳಿ ಮತ್ತೆ ರಸ್ತೆಯ ಅಳತೆಗೆ ಹಿಡಿಸಿ, ಆಮೇಲೆ ಗಾಡಿ ತೆಗೆಯಿರಿ.