ಹಾಸಿಗೆಹುಣ್ಣಿನ ಪರೀಕ್ಷೆ

ಹಾಸಿಗೆ ಹಿಡಿದವರನ್ನು ಕಾಣಬಂದ ನೆಂಟರು ಮುಖ ನೋಡುತ್ತಾರೆ, ಕೈ ಹಿಡಿದು ಮಾತನಾಡಿಸುತ್ತಾರೆ. ಬೆನ್ನು ನೋಡುವವರು ವಿರಳ. ವೈದ್ಯನಾದ ನಾನೂ ಒಮ್ಮೆ ನೋಡದೆ ಹೋದೆ. ಪಾರ್ಶ್ವವಾಯು ಬಡಿದು ಮಲಗಿದ್ದ ವೃದ್ಧೆಯೊಬ್ಬರ ನಾಡಿ, ರಕ್ತದೊತ್ತಡಗಳನ್ನು ದಿನವೂ ತಪ್ಪದೆ ಬರೆದಿಡುತ್ತಿದ್ದೆ. ಅವರನ್ನು ಮಗ್ಗುಲಿಗೆ ಹೊರಳಿಸಿ ನೋಡಬೇಕೆಂದು ತೋಚಿದ್ದು ದುರ್ವಾಸನೆ ಬಂದ ಮೇಲೆ. ಬೆನ್ನೆಲುಬು ಮುಗಿಯುವೆಡೆಯಲ್ಲಿ ರೂಪಾಯಿಯಗಲದ ಹುಣ್ಣು. ಸಲಾಕೆ ಇಳಿಸಿದರೆ ಅದು ಚರ್ಮದಡಿಯಲ್ಲಿ ಮೂರು ಬೆರಳು ದೂರ ಸರಿದು ಮೂಳೆಗೆ ತಾಗಿತು.

ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಅನೇಕ ವೇಳೆ ಕೇಡು ಮೂಳೆಯ ಬಳಿಯೇ ಮೊದಲಾಗುತ್ತದೆ. ಚರ್ಮಕ್ಕೆ ಸುದ್ದಿ ಮುಟ್ಟುವುದು ಕೊನೆಗೆ. ಆದ್ದರಿಂದಲೇ ಹುಣ್ಣಿನ ಉದ್ದಗಲಗಳ ಜೊತೆಗೆ ಆಳವನ್ನೂ, ಅಂಚಿನಡಿಯ ಪೊಳ್ಳನ್ನೂ ಅಳೆದು ಬರೆಯಬೇಕು.

ಹುಣ್ಣಿಗೆ ನಾಲ್ಕು ಹಂತಗಳು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಅದು ಬಿಳಿಚಿಕೊಳ್ಳದಿದ್ದರೆ ಮೊದಲನೆಯದು. ಚರ್ಮ ಸುಲಿದರೆ ಅಥವಾ ಬೊಕ್ಕೆ ಎದ್ದರೆ ಎರಡನೆಯದು; ಕೊಬ್ಬು ಕಂಡರೆ ಮೂರು, ಸ್ನಾಯು ಅಥವಾ ಮೂಳೆ ಕಂಡರೆ ನಾಲ್ಕು. ತಳವನ್ನು ಸತ್ತ ಮಾಂಸ ಮುಚ್ಚಿದ್ದರೆ ಅದು ಹೋಗುವವರೆಗೆ ಹಂತ ಹೇಳುವಂತಿಲ್ಲ.

ಆದರೆ ಈ ಕೆಂಪಿನ ಮಾತು ಬಿಳಿಯರ ಚರ್ಮವನ್ನು ನೋಡಿ ಬರೆದದ್ದು. ನಮ್ಮ ಕಪ್ಪು ಮೈಗಳಲ್ಲಿ ಕೆಂಪೂ ಕಾಣದು, ಬಿಳಿಚಿಕೊಳ್ಳುವುದೂ ಕಾಣದು. ಒಳ್ಳೆಯ ಬೆಳಕಿನಲ್ಲಿ ಆ ಎಡೆಯ ಬಣ್ಣವನ್ನು ಪಕ್ಕದ ಚರ್ಮದೊಡನೆ ಹೋಲಿಸಬೇಕು. ಮುಟ್ಟಿ ನೋಡಬೇಕು: ಬಿಸಿಯೇ, ತಣ್ಣಗಿದೆಯೇ, ಗಟ್ಟಿಯೇ, ಮೆತ್ತಗೆ ಕುಸಿಯುತ್ತದೆಯೇ? ನೋವುಂಟೇ ಎಂದು ಕೇಳಬೇಕು. ಹಿಮ್ಮಡಿಯನ್ನು ಮರೆಯಬಾರದು. ಕೆಂಪಾದ ಕಡೆ ಸ್ಪಿರಿಟ್ ಹಾಕಿ ತಿಕ್ಕುವುದನ್ನು ನಾನು ಕಲಿತಿದ್ದೆ. ಅದು ಕೆಡುಕನ್ನು ಹೆಚ್ಚಿಸುತ್ತದೆಂದು ತಿಳಿದದ್ದು ತಡವಾಗಿ.

ಹುಣ್ಣಾಗುವ ಮೊದಲೇ ಅಪಾಯವನ್ನು ಎಣಿಸುವ ಕ್ರಮವನ್ನು 1962ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದವರು ಡೋರೀನ್ ನಾರ್ಟನ್ ಎಂಬ ದಾದಿ ಮತ್ತು ಅವರ ಸಂಗಡಿಗರು. ದೇಹಸ್ಥಿತಿ, ಮನಸ್ಸಿನ ಎಚ್ಚರ, ನಡೆದಾಟ, ಹೊರಳುವ ಶಕ್ತಿ, ಮಲಮೂತ್ರಗಳ ಹಿಡಿತ: ಒಂದೊಂದಕ್ಕೂ 1ರಿಂದ 4 ಅಂಕ. ಒಟ್ಟು 20, 14 ಅಥವಾ ಅದಕ್ಕೂ ಕೆಳಗಿಳಿದರೆ ಅಪಾಯ. 1987ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಬ್ರೇಡನ್ ಪಟ್ಟಿಯಲ್ಲಿ ಊಟ, ಚರ್ಮದ ತೇವ, ಎಳೆದಾಟದ ಉಜ್ಜುವಿಕೆಗಳಿಗೂ ಅಂಕವುಂಟು. ಯಾವುದಕ್ಕೂ ಯಂತ್ರ ಬೇಡ. ಮನೆಯಲ್ಲಿ ಆರೈಕೆ ಮಾಡುವವರೂ ಎಣಿಸಬಹುದು.

ಆ ವೃದ್ಧೆಗೆ ನಾರ್ಟನ್ನರ ಅಂಕ ಹಾಕಿ ನೋಡಿದೆ, ಎಲ್ಲ ಮುಗಿದ ಮೇಲೆ. ಒಂಬತ್ತು ಬಂತು. ಅವರು ಆಸ್ಪತ್ರೆಗೆ ಬಂದ ದಿನವೂ ಅಷ್ಟೇ ಇತ್ತು.