ಪರರ ಹೆಸರಿಗೆ ದುಡಿದ ‘ಧ್ರುವ’

ನಮ್ಮ ಯಾದಗಿರಿ, ಶಹಾಪುರ, ಸುರಪುರ ಭಾಗದ ಜಿನ್ನಿಂಗ್ ಹಾಗೂ ದಾಲ್ ಮಿಲ್ ಮಾಲೀಕರಿಗೆ ಜಾಬ್ ವರ್ಕ್ ಹೊಸದಲ್ಲ. ಮಾಲು ಪರರದು, ಯಂತ್ರ ಮತ್ತು ಶ್ರಮ ನಮ್ಮದು, ಕೈಗೆ ಬರುವುದು ಮಜೂರಿ. ವಿಡಿಯೋ ಗೇಮ್ ಉದ್ಯಮದಲ್ಲಿಯೂ ಇದೇ ಪದ್ಧತಿ ಉಂಟು. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಇತಿಹಾಸವನ್ನು ವರ್ತಕ ಬಾಂಧವರು ಈ ದೃಷ್ಟಿಯಿಂದ ಗಮನಿಸಬೇಕು.

ಶ್ರೀ ರಾಜೇಶ್ ರಾವ್ ಅವರು 1997ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯು ಭಾರತದ ಮೊದಲ ಗೇಮ್ ತಯಾರಿಕಾ ಸಂಸ್ಥೆಯೆಂದು ಹೆಸರಾಗಿದೆ. ‘ಮಿಷನ್ ಇಂಪಾಸಿಬಲ್’ ಆಟವನ್ನು ಕಂಪ್ಯೂಟರಿಗೆ ಅಳವಡಿಸುವ ಕೆಲಸವನ್ನು ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಯು ಇದಕ್ಕೆ ಒಪ್ಪಿಸಿತು. ಮುಂದೆ ಮೈಕ್ರೋಸಾಫ್ಟಿನ ‘ಫೋರ್ಜಾ’ ಕಾರು ಪಂದ್ಯದ ಆಟಗಳಿಗೂ ಧ್ರುವದ ಕಲಾವಿದರು ದುಡಿದರು. ಕಾರಿನ ಹೊರಮೈ, ಆಸನ, ಗಾಲಿ, ಬಣ್ಣದ ಹೊಳಪು ಎಲ್ಲವನ್ನೂ ಪರದೆಯ ಮೇಲೆ ಅಚ್ಚುಕಟ್ಟಾಗಿ ರೂಪಿಸುವ ಕಾಯಕವದು. ಸುರಪುರದ ಕಿರುಚಿತ್ರಗಳ ಸೂಕ್ಷ್ಮ ಕುಂಚವನ್ನು ಕಂಡವರಿಗೆ ಅದರ ಶ್ರಮವನ್ನು ವಿವರಿಸಬೇಕಿಲ್ಲ.

2016ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿಯು ಧ್ರುವದ ಬಹುಪಾಲು ಷೇರುಗಳನ್ನು ಕೊಂಡಿತು. ಎರಡೇ ವರ್ಷಗಳಲ್ಲಿ ಕೊಂಡವರೇ ಹಣದ ಮುಗ್ಗಟ್ಟಿಗೆ ಸಿಲುಕಿದರು. ಇಲ್ಲಿಯ ಕೆಲಸದಲ್ಲಿ ದೋಷವಿರಲಿಲ್ಲ. ಕಷ್ಟ ಬಂದದ್ದು ಮಾಲೀಕನಿಗೆ. 2019ರ ಮೇ ತಿಂಗಳಿನಲ್ಲಿ ಅವರು ತಮ್ಮ ಪಾಲನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಗೆ 79 ಲಕ್ಷ ಡಾಲರಿಗೆ, ಅಂದರೆ ಅಂದಿನ ದರದಲ್ಲಿ ಸುಮಾರು 55 ಕೋಟಿ ರೂಪಾಯಿಗೆ ಮಾರಿದರು.

22 ವರ್ಷಗಳ ಪರಿಶ್ರಮಕ್ಕೆ ದೊರೆತ ಬೆಲೆಯಿದು. 1998ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ, ಧ್ರುವಕ್ಕಿಂತ ಕಿರಿಯದಾದ ರಾಕ್‌ಸ್ಟಾರ್ ಸಂಸ್ಥೆಯ ಸ್ವಂತ ಆಟ ‘ಗ್ರ್ಯಾಂಡ್ ಥೆಫ್ಟ್ ಆಟೋ 5’, 2013ರಲ್ಲಿ ಮೂರೇ ದಿನಗಳಲ್ಲಿ 100 ಕೋಟಿ ಡಾಲರ್ ವಹಿವಾಟು ನಡೆಸಿತ್ತು. ಧ್ರುವದ ಸಿಬ್ಬಂದಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದಲ್ಲಿ ವಿಲೀನಗೊಂಡರು. ಕೆಲಸ ಉಳಿಯಿತು, ಹೆಸರು ಉಳಿಯಲಿಲ್ಲ.