ಕಾರಿನೊಳಗೆ ಕೇಳುವ ಮಕ್ಕಳು

ದಸರೆಯ ರಜೆ ಸಿಕ್ಕಿತೆಂದರೆ ಬೆಂಗಳೂರಿನ ಮಧ್ಯಮವರ್ಗ ಊರಿನತ್ತ, ಮಲೆನಾಡಿನತ್ತ, ಕರಾವಳಿಯತ್ತ ಕಾರು ತಿರುಗಿಸುತ್ತದೆ. ನೆಲಮಂಗಲದ ಟೋಲ್ ಗೇಟಿನಲ್ಲಿ ಸಾಲುಗಟ್ಟಿ ನಿಂತ ವಾಹನಗಳ ಹಿಂದಿನ ಆಸನಗಳತ್ತ ಒಮ್ಮೆ ಕಣ್ಣು ಹಾಯಿಸಿದರೆ ಇಂದಿನ ಕುಟುಂಬ ಪ್ರವಾಸದ ಚಿತ್ರ ಸಿಗುತ್ತದೆ. ಒಂದು ಮಗುವಿನ ಕೈಯಲ್ಲಿ ಟ್ಯಾಬ್, ಇನ್ನೊಂದರ ಕಿವಿಯಲ್ಲಿ ಇಯರ್‌ಫೋನ್; ಮುಂದೆ ಕುಳಿತ ತಂದೆತಾಯಿಗೆ ಗಲಾಟೆ ತಪ್ಪಿದ ಸಮಾಧಾನ. ಆರೇಳು ತಾಸು ಎಲ್ಲರೂ ಒಟ್ಟಿಗೆ ಕೂರುವ ಅವಕಾಶ ನಗರದ ಮನೆಗಳಿಗೆ ವರ್ಷದಲ್ಲಿ ಎಷ್ಟು ಸಲ ಒದಗೀತು? ಒದಗಿದಾಗಲೂ ನಾಲ್ಕು ಮಂದಿ ನಾಲ್ಕು ಲೋಕಗಳಲ್ಲಿ ಇರುತ್ತಾರೆ.

ಪರದೆಯ ಬದಲಿಗೆ ಧ್ವನಿಯನ್ನು ಆರಿಸಿಕೊಳ್ಳುವ ತಂದೆತಾಯಿಯರೂ ಇದ್ದಾರೆ. ಅವರ ಆಯ್ಕೆಗೆ ದೇಹಧರ್ಮದ ಬೆಂಬಲವೂ ಇದೆ. ಚಲಿಸುವ ವಾಹನದಲ್ಲಿ ಪರದೆಯನ್ನು ದಿಟ್ಟಿಸುವ ಕಣ್ಣು ‘ನಾವು ನಿಂತಿದ್ದೇವೆ’ ಎಂದು ಮಿದುಳಿಗೆ ವರದಿ ಮಾಡುತ್ತದೆ; ಒಳಗಿವಿಯ ಸಮತೋಲನದ ಅಂಗವು ‘ಇಲ್ಲ, ಓಲಾಡುತ್ತಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ಆಗುಂಬೆಯ ತಿರುವುಗಳನ್ನು ಟ್ಯಾಬ್ ನೋಡುತ್ತ ಇಳಿದ ಮಗುವಿನ ಪಾಡನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಕೇಳುವ ಮಗುವಿನ ಕಣ್ಣಾದರೋ ಕಿಟಕಿಯಾಚೆ ಇರಬಲ್ಲದು.

ಆದರೆ ಏನನ್ನು ಕೇಳಿಸಬೇಕು? ಪಾಡ್‌ಕಾಸ್ಟ್ ಎಂಬ ಪದ ಹುಟ್ಟಿದ್ದು 2004ರಲ್ಲಿ, ಬ್ರಿಟನ್ನಿನ ‘ದಿ ಗಾರ್ಡಿಯನ್’ ಪತ್ರಿಕೆಯ ಲೇಖನವೊಂದರಲ್ಲಿ. ಮರುವರ್ಷವೇ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟು ಅದನ್ನು ವರ್ಷದ ಪದವೆಂದು ಆರಿಸಿತು. ರೇಡಿಯೊ ಕೇಳಿ ಬೆಳೆದವರಿಗೆ ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಬೇಕೆಂದಾಗ ಕೇಳಬಹುದಾದ, ಬೇಡವೆಂದಾಗ ನಿಲ್ಲಿಸಬಹುದಾದ ಬಾನುಲಿ, ಅಷ್ಟೆ. ಮಕ್ಕಳಿಗಾಗಿ ಇದನ್ನು ಚೆನ್ನಾಗಿ ಬಳಸಿಕೊಂಡವರು ಅಮೆರಿಕದ ಸಾರ್ವಜನಿಕ ರೇಡಿಯೊ ಕೇಂದ್ರಗಳವರು. 2012ರಲ್ಲಿ ಮಿನ್ನೆಸೊಟದಲ್ಲಿ ‘ಬ್ರೇನ್ಸ್ ಆನ್’, 2016ರಲ್ಲಿ ವರ್ಮಾಂಟ್‌ನಲ್ಲಿ ‘ಬಟ್ ವೈ’, 2017ರಲ್ಲಿ ‘ವಾವ್ ಇನ್ ದ ವರ್ಲ್ಡ್’ ಶುರುವಾದವು. ಬೆಂಗಳೂರಿನ ಅನೇಕ ಮನೆಗಳಲ್ಲಿ ಈ ಹೆಸರುಗಳು ಪರಿಚಿತ.

ತಂದೆತಾಯಿಯರು ಸಾಮಾನ್ಯವಾಗಿ ಆರಿಸುವ ಕ್ರಮವೊಂದಿದೆ. ‘ಶೈಕ್ಷಣಿಕ’ ಎಂಬ ಹಣೆಪಟ್ಟಿ ಇದೆಯೇ, ಎಷ್ಟು ಮಂದಿ ಮೆಚ್ಚಿದ್ದಾರೆ, ವಿಜ್ಞಾನ ಎಷ್ಟಿದೆ, ಇತಿಹಾಸ ಎಷ್ಟಿದೆ ಎಂದು ನೋಡುವುದು. ಅಂದರೆ ಕಿರಾಣಿ ಅಂಗಡಿಯಲ್ಲಿ ಬೇಳೆಕಾಳು ತೂಗಿದಂತೆ ಜ್ಞಾನವನ್ನು ತೂಗಿ ತರುವುದು. ಈ ಕ್ರಮದಿಂದ ಆರಿಸಿದ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಕಾರಿನೊಳಗೆ ಇನ್ನೊಂದು ತರಗತಿಯನ್ನು ತೆರೆಯುತ್ತವೆ. ಮೇಷ್ಟರು ಕಾಣಿಸುವುದಿಲ್ಲ, ಆದರೆ ಪಾಠ ನಿಲ್ಲುವುದೂ ಇಲ್ಲ.

ನನ್ನ ಅಳತೆಗೋಲು ಬೇರೆ. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಎರಡು ಅರ್ಥಗಳಿವೆ: ಆಲಿಸುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ಇಂಗ್ಲಿಷಿನವರು ಇದಕ್ಕೆ ಎರಡು ಬೇರೆ ಕ್ರಿಯಾಪದಗಳನ್ನು ಇಟ್ಟುಕೊಂಡಿದ್ದಾರೆ. ಮಕ್ಕಳ ಮಟ್ಟಿಗೆ ನಮ್ಮ ಭಾಷೆಯ ತೀರ್ಮಾನವೇ ಸರಿಯೆಂದು ನನಗನ್ನಿಸುತ್ತದೆ. ಯಾವ ಕಾರ್ಯಕ್ರಮವನ್ನು ಕೇಳುತ್ತ ಮಗು ತಾನೂ ಏನನ್ನಾದರೂ ಕೇಳತೊಡಗುತ್ತದೆಯೋ ಅದು ಪ್ರಯಾಣಕ್ಕೆ ತಕ್ಕದ್ದು. ಅರ್ಧ ಗಂಟೆಯ ಸಂಚಿಕೆ ಮುಗಿಯಲು ಒಂದೂವರೆ ಗಂಟೆ ಹಿಡಿದರೆ, ನಡುವೆ ನಾಲ್ಕಾರು ಸಲ ನಿಲ್ಲಿಸಬೇಕಾಗಿ ಬಂದರೆ, ಆಯ್ಕೆ ಸರಿಯಾಗಿದೆ ಎಂದೇ ಅರ್ಥ.

‘ಬ್ರೇನ್ಸ್ ಆನ್’ ನನಗೆ ಮೆಚ್ಚಿಗೆಯಾಗಲು ಕಾರಣ ಇದೇ. ಅದರ ಪ್ರತಿ ಸಂಚಿಕೆಯಲ್ಲೂ ಒಂದು ಮಗು ಸಹ ನಿರೂಪಕನ ಸ್ಥಾನದಲ್ಲಿರುತ್ತದೆ. ಜೊತೆಗೆ ‘ನಿಗೂಢ ಸದ್ದು’ ಎಂಬ ವಿಭಾಗ. ಯಾವುದೋ ಒಂದು ಸದ್ದನ್ನು ಕೇಳಿಸಿ, ಇದೇನೆಂದು ಊಹಿಸಲು ಬಿಡುತ್ತಾರೆ. ಉತ್ತರ ಸಿಗುವುದು ಸ್ವಲ್ಪ ಹೊತ್ತಿನ ನಂತರ. ಆ ಬಿಡುವಿನಲ್ಲಿ ಹಿಂದಿನ ಆಸನದಲ್ಲಿ ನಡೆಯುವ ವಾಗ್ವಾದವೇ ನಿಜವಾದ ಕಲಿಕೆ. ‘ಬಟ್ ವೈ’ಯ ಪ್ರಶ್ನೆಗಳನ್ನು ಕೇಳುವವರೇ ಮಕ್ಕಳು, ಮನೆಯಲ್ಲಿ ಫೋನಿನಲ್ಲಿ ಧ್ವನಿಮುದ್ರಿಸಿ ಕಳುಹಿಸಿದ ಪ್ರಶ್ನೆಗಳಿಗೆ ಬಲ್ಲವರಿಂದ ಉತ್ತರ ಕೊಡಿಸುತ್ತಾರೆ. ‘ವಾವ್ ಇನ್ ದ ವರ್ಲ್ಡ್’ ಕುರಿತು ನನಗೆ ಅಷ್ಟು ಉತ್ಸಾಹವಿಲ್ಲ. ಮಾಹಿತಿ ಗಟ್ಟಿಯಾದದ್ದೇ, ಮಕ್ಕಳು ನಗುತ್ತಾರೆ ಕೂಡ. ಆದರೆ ಕೂಗಾಟ, ಕಿರುಚಾಟ, ಪರಿಣಾಮದ ಸದ್ದುಗಳ ಸುರಿಮಳೆಯಲ್ಲಿ ಬಾಯಿ ಹಾಕಲು ಮಗುವಿಗೆ ಸಂದಿಯೇ ಸಿಗುವುದಿಲ್ಲ. ಸಂಜೆ ಹೊತ್ತಿನಲ್ಲಿ ದಣಿದ ಚಾಲಕನ ತಾಳ್ಮೆಗೂ ಅದು ಪರೀಕ್ಷೆ.

ಬಿಡುವಿನ ಈ ಮಹತ್ವವನ್ನು ಶೈಕ್ಷಣಿಕ ರೇಡಿಯೊ ಬಹಳ ಹಿಂದೆಯೇ ಅರಿತಿತ್ತು. 1970ರ ದಶಕದಲ್ಲಿ ಮಧ್ಯ ಅಮೆರಿಕದ ನಿಕರಾಗುವದ ಶಾಲೆಗಳಿಗೆ ರೇಡಿಯೊ ಮೂಲಕ ಗಣಿತ ಕಲಿಸಿದಾಗ, ಪಾತ್ರಗಳು ಪ್ರಶ್ನೆ ಹಾಕಿ ಕೆಲವು ಕ್ಷಣ ಸುಮ್ಮನಾಗುತ್ತಿದ್ದವು. ತರಗತಿಯ ಮಕ್ಕಳು ಗಟ್ಟಿಯಾಗಿ ಉತ್ತರ ಹೇಳಬೇಕಿತ್ತು. ಕರ್ನಾಟಕದಲ್ಲೂ 2000ರ ದಶಕದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗಾಗಿ ‘ಚುಕ್ಕಿ ಚಿನ್ನ’ ಎಂಬ ಇದೇ ಮಾದರಿಯ ಸರಣಿ ಆಕಾಶವಾಣಿಯಿಂದ ಬಿತ್ತರವಾಯಿತು. ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ನಮ್ಮಂಥವರಿಗೆ ಅದರ ಹೆಸರೇ ಗೊತ್ತಿರಲಿಲ್ಲ. ಹಳ್ಳಿಶಾಲೆಯ ಮಗುವಿಗೆ ಕನ್ನಡದಲ್ಲಿ ದಕ್ಕಿದ್ದನ್ನೇ ನಾವು ಇಪ್ಪತ್ತು ವರ್ಷಗಳ ತರುವಾಯ ಅಮೆರಿಕದಿಂದ ತರಿಸಿಕೊಂಡು ಹಿಗ್ಗುತ್ತಿದ್ದೇವೆ.

ವ್ಯವಹಾರದ ಕೆಲವು ಮಾತುಗಳನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಹೊರಡುವ ಹಿಂದಿನ ರಾತ್ರಿಯೇ ಸಂಚಿಕೆಗಳನ್ನು ಇಳಿಸಿಕೊಳ್ಳಬೇಕು. ಘಟ್ಟದ ದಾರಿಯಲ್ಲಿ ಸಿಗ್ನಲ್ಲನ್ನು ನಂಬುವಂತಿಲ್ಲ. ಒಂದು ಸಂಚಿಕೆಯನ್ನಾದರೂ ದೊಡ್ಡವರು ಪೂರ್ತಿ ಕೇಳಿರಬೇಕು, ಏಕೆಂದರೆ ಮಕ್ಕಳ ಕಾರ್ಯಕ್ರಮಗಳಲ್ಲೂ ಜಾಹೀರಾತುಗಳು ನಿರೂಪಕರ ಅದೇ ಸ್ನೇಹದ ದನಿಯಲ್ಲಿ ನುಸುಳುತ್ತವೆ. ಒಂಬತ್ತರ ಅಕ್ಕ, ಐದರ ತಮ್ಮ ಇದ್ದರೆ ಅಕ್ಕನಿಗೆ ಸರಿಹೊಂದುವುದನ್ನು ಆರಿಸುವುದು ಲೇಸು; ಅರ್ಥವಾಗದ್ದನ್ನು ತಮ್ಮನಿಗೆ ವಿವರಿಸುವ ದೊಡ್ಡಸ್ತಿಕೆ ಅವಳಿಗೆ ಸಿಗುತ್ತದೆ. ಹೆದ್ದಾರಿಯ ವೇಗದಲ್ಲಿ ಗಾಳಿ, ಟೈರುಗಳ ಸದ್ದಿಗೆ ಮೆಲುದನಿ ಮುಳುಗಿಹೋಗುವುದರಿಂದ ಒಬ್ಬರೇ ಸ್ಪಷ್ಟವಾಗಿ ಮಾತಾಡುವ ಸಂಚಿಕೆ ಅಲ್ಲಿಗೆ ಮೇಲು. ಇನ್ನು, ಹಾಕುವುದೂ ನಿಲ್ಲಿಸುವುದೂ ಚಾಲಕನ ಪಕ್ಕದಲ್ಲಿ ಕೂತವರ ಕೆಲಸ. ವಾಹನ ಓಡಿಸುತ್ತ ಕೈಯಲ್ಲಿ ಫೋನ್ ಹಿಡಿಯುವುದನ್ನು 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆ ಅಪಾಯಕಾರಿ ಚಾಲನೆಗೆ ಸೇರಿಸಿದೆ.

ಇದಕ್ಕಿಂತ ಕಠಿಣವಾದದ್ದು ಭಾಷೆಯ ಪ್ರಶ್ನೆ. ಜೋಗಕ್ಕೆ ಹೊರಟಿದ್ದ ದಾರಿಯಲ್ಲಿ ನಮ್ಮ ಕಾರಿನಲ್ಲಿ ಒಂದು ಅಮೆರಿಕನ್ ಸಂಚಿಕೆ ನಡೆದಿತ್ತು; ‘ಫಾಲ್’ನಲ್ಲಿ ಎಲೆಗಳು ಏಕೆ ಕೆಂಪಾಗುತ್ತವೆ ಎಂಬುದು ವಿಷಯ. ಕಿರಿಯವನಿಗೆ ತಿಳಿದಿದ್ದ ಫಾಲ್ ಒಂದೇ, ಜೋಗ್ ಫಾಲ್ಸ್. 253 ಮೀಟರ್ ಎತ್ತರದಿಂದ ನೀರು ಬೀಳುವ ಜಾಗದಲ್ಲಿ ಕೆಂಪೆಲೆಗಳನ್ನು ಕಾಣುವ ಆಸೆಯಿಂದ ಅವನು ಸಾಗರ ದಾಟುವವರೆಗೂ ಕಿಟಕಿ ಬಿಡಲಿಲ್ಲ. ನಗುವ ಮಾತೇ. ಆದರೆ ಮೈಲಿ, ಪೌಂಡು, ಫ್ಯಾರನ್‌ಹೀಟ್, ಹಿಮಗಾಲ, ಹಿತ್ತಿಲಿಗೆ ಬರುವ ರಕೂನ್ ಎಲ್ಲವನ್ನೂ ಬಲ್ಲ ನಮ್ಮ ಮಕ್ಕಳಿಗೆ ತಿಪಟೂರು ಬಳಿ ಬಂದಾಗ ಎರಡೂ ಬದಿಯ ತೆಂಗಿನ ತೋಟಗಳ ಬಗ್ಗೆ ಕೇಳಲು ಏನೂ ತೋಚುವುದಿಲ್ಲ. 1923ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಭದ್ರಾವತಿಯಲ್ಲೇ ಏಕೆ ಎಂಬ ಪ್ರಶ್ನೆಗೆ ಅದಿರು, ಕಾಡಿನ ಇದ್ದಿಲು, ಭದ್ರಾ ನದಿಯ ನೀರು ಎಂದು ಒಂದು ರೋಚಕ ಸಂಚಿಕೆಯಾಗುವಷ್ಟು ಉತ್ತರವಿದೆ. ಅದನ್ನು ಮಕ್ಕಳಿಗೆ ಹೇಳುವ ಪಾಡ್‌ಕಾಸ್ಟ್ ನನಗೆ ಸಿಕ್ಕಿಲ್ಲ.

ಇಂಗ್ಲಿಷ್ ಕಾರ್ಯಕ್ರಮ ಬೇಡವೆಂಬ ವಾದ ನನ್ನದಲ್ಲ. ‘ಏಕೆ’, ‘ಹೇಗೆ’ಗಳೆಲ್ಲ ಇಂಗ್ಲಿಷಿನಲ್ಲಿ, ‘ಊಟ ಮಾಡು’, ‘ಬೇಗ ಏಳು’ಗಳು ಮಾತ್ರ ಕನ್ನಡದಲ್ಲಿ ಎಂದಾಗುತ್ತಿರುವುದು ನನ್ನ ಆತಂಕ. ಅಡುಗೆಮನೆಯ ಆಜ್ಞೆಗಳಿಗೆ ಮಾತ್ರ ಬಳಕೆಯಾಗುವ ಭಾಷೆಯಲ್ಲಿ ಮಗು ಕುತೂಹಲಪಡುವುದನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ನಮ್ಮ ಕಾರಿನಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಸಂಚಿಕೆ ಯಾವ ಭಾಷೆಯದಾದರೂ ಆಗಲಿ, ನಿಲ್ಲಿಸಿದಾಗಿನ ಮಾತು ಕನ್ನಡದಲ್ಲಿ. ಗುರುತ್ವಾಕರ್ಷಣೆ, ದ್ಯುತಿಸಂಶ್ಲೇಷಣೆಗಳೇ ಆಗಬೇಕೆಂಬ ಹಟವಿಲ್ಲ. ‘ಗ್ರಾವಿಟಿ ಎಳೆದುಕೊಳ್ಳುತ್ತೆ ಅಲ್ವಾ ಅಪ್ಪಾ’ ಎಂದರೂ ಸಾಕು. ಎಳೆದುಕೊಳ್ಳುವ ಕ್ರಿಯೆ ಕನ್ನಡದಲ್ಲಿ ನಡೆಯಿತಲ್ಲ.

ಕನ್ನಡದಲ್ಲಿ ಏನಿದೆ? ಹದಿಹರೆಯದವರಾದರೆ ‘ತಲೆ-ಹರಟೆ’ ಪಾಡ್‌ಕಾಸ್ಟ್‌ನ ಹಳೆಯ ಸಂಚಿಕೆಗಳಿವೆ. ವಿಜ್ಞಾನ, ಇತಿಹಾಸ, ಅರ್ಥಶಾಸ್ತ್ರಗಳನ್ನು ಬಲ್ಲವರೊಡನೆ ಹರಟೆಯ ಧಾಟಿಯಲ್ಲಿ ಚರ್ಚಿಸುವ ಕಾರ್ಯಕ್ರಮ ಅದು. ಚಿಕ್ಕವರ ಮಟ್ಟಿಗೆ ನೀತಿಕಥೆಗಳು ಹೇರಳ, ಆದರೆ ಲೋಕವನ್ನು ಪರಿಚಯಿಸುವಂಥವು ವಿರಳ. ಈ ಬಡತನಕ್ಕೆ ಕ್ಷಮೆಯಿಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದ ನಾಡು ಇದು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಬಿ.ಜಿ.ಎಲ್. ಸ್ವಾಮಿಯವರು ಆ ಪ್ರವಾಸವನ್ನೇ ‘ಹಸುರು ಹೊನ್ನು’ ಆಗಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರ, ಪ್ರಯಾಣ, ಹಾಸ್ಯ ಮೂರೂ ಬೆರೆತ ಅಂಥ ಪುಸ್ತಕ ಅಮೆರಿಕನ್ನರ ಕೈಗೆ ಸಿಕ್ಕಿದ್ದರೆ ಹತ್ತು ಸರಣಿ ಮಾಡುತ್ತಿದ್ದರು. ತೇಜಸ್ವಿಯವರ ‘ಪರಿಸರದ ಕತೆ’ಯ ಒಂದೊಂದು ಅಧ್ಯಾಯವೂ ಗಟ್ಟಿಯಾಗಿ ಓದಲು ಹೇಳಿ ಮಾಡಿಸಿದಂತಿದೆ. ಮಗು ಮಲಗುವ ಹೊತ್ತಿಗೆ ಓದುವುದನ್ನೇ ಫೋನಿನಲ್ಲಿ ಮುದ್ರಿಸಿಕೊಂಡರೆ ಮುಂದಿನ ಪ್ರವಾಸಕ್ಕೆ ಮನೆಮಂದಿಯ ಬಳಕೆಗಾಯಿತು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ವಿಜ್ಞಾನದವೂ ಇವೆ.

ಓದಲೂ ಪುರುಸೊತ್ತಿಲ್ಲದವರಿಗೆ ಇನ್ನೊಂದು ದಾರಿಯುಂಟು. ಕಳೆದ ಬೇಸಿಗೆಗೆ ಮುನ್ನ ನಾನು ತಿಪಟೂರು ಸೀಮೆಯಲ್ಲಿರುವ ಮಕ್ಕಳ ತಾತನಿಗೆ, ಅಂದರೆ ನನ್ನ ಮಾವನವರಿಗೆ, ಫೋನ್ ಮಾಡಿ ಕೊಬ್ಬರಿಯ ವಿಷಯ ಹತ್ತು ನಿಮಿಷ ಮಾತಾಡಿ ಕಳುಹಿಸುವಂತೆ ಕೋರಿದ್ದೆ. ‘ಅದರಲ್ಲಿ ಹೇಳೋಕೇನಿದೆ’ ಎಂದು ಶುರು ಮಾಡಿದವರು ಮುಗಿಸಿದ್ದು ಇಪ್ಪತ್ತಾರು ನಿಮಿಷಕ್ಕೆ. ಮೊದಲಿಗೆ ಒಂದು ಸದ್ದು: ಗಡಗಡ, ಗಡಗಡ. ‘ಇದೇನು ಹೇಳ್ರಪ್ಪಾ’ ಎಂದು ಕೇಳಿ ಅವರು ಸುಮ್ಮನಾಗಿದ್ದರು. ‘ಬ್ರೇನ್ಸ್ ಆನ್’ ಅವರು ಕೇಳಿದವರಲ್ಲ, ಮೊಮ್ಮಕ್ಕಳನ್ನು ಬಲ್ಲವರು. ಗುಬ್ಬಿಯಿಂದ ನಿಟ್ಟೂರಿನವರೆಗೆ ಚರ್ಚೆ ನಡೆಯಿತು. ಡಬ್ಬಿಯೊಳಗಿನ ಕಲ್ಲು ಎಂದಳು ಒಬ್ಬಳು, ರೈಲು ಎಂದ ಇನ್ನೊಬ್ಬ. ಆಮೇಲೆ ವಿವರಣೆ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಮೆಲ್ಲಗೆ ಇಂಗುತ್ತದೆ. ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಅಲ್ಲಾಡಿಸಿದರೆ ಒಳಗಿನ ಗಿಟುಕು ಗಡಗಡ ಎನ್ನುತ್ತದೆ. ಆ ಸದ್ದು ಬಂದ ಮೇಲೆಯೇ ಸುಲಿದು ಒಡೆಯುವುದು. ಅವಸರಪಟ್ಟರೆ ಕೊಬ್ಬರಿ ಕೆಡುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬರುವುದಿಲ್ಲ. ಭೌತವಿಜ್ಞಾನ, ಜೀವವಿಜ್ಞಾನ, ಅರ್ಥಶಾಸ್ತ್ರ ಎಲ್ಲವೂ ಬಂದವು. ನಡುವೆ ಅವರ ಕೆಮ್ಮು, ಹಿನ್ನೆಲೆಯಲ್ಲಿ ಕರುವಿನ ಕೂಗು ಸಹ ಇದ್ದವು. ಮಕ್ಕಳು ಆ ಸಂಚಿಕೆಯನ್ನು ಎರಡನೆಯ ಸಲ ಹಾಕಿಸಿದರು.

ಇಂಥ ತಾತಂದಿರು, ಅಜ್ಜಿಯರು ರಾಜ್ಯದ ಪ್ರತಿ ಹೆದ್ದಾರಿಯ ಬದಿಯಲ್ಲೂ ಇದ್ದಾರೆ. ನೇಕಾರರು, ಅಡಿಕೆ ಸುಲಿಯುವವರು, ನಿವೃತ್ತ ಕಾರ್ಖಾನೆ ಕಾರ್ಮಿಕರು, ಯಕ್ಷಗಾನದ ಭಾಗವತರು ಮಾತಾಡಬಲ್ಲರು. ಆಕಾಶವಾಣಿಯ ಭದ್ರಾವತಿ, ಧಾರವಾಡ, ಮೈಸೂರು ಕೇಂದ್ರಗಳಿಗೆ ಈ ಜನರೂ ಗೊತ್ತು, ಈ ಕೆಲಸವೂ ಗೊತ್ತು. ತಮ್ಮ ಧ್ವನಿ ಭಂಡಾರದಿಂದ ಮಕ್ಕಳಿಗೆ ಹೊಂದುವುದನ್ನು ಆಯ್ದು, ದಾರಿಯ ಊರುಗಳಿಗೆ ತಕ್ಕಂತೆ ಜೋಡಿಸಿ ಬಿಡುಗಡೆ ಮಾಡಲು ದೊಡ್ಡ ಬಂಡವಾಳವೇನೂ ಬೇಕಿಲ್ಲ. ಪ್ರವಾಸೋದ್ಯಮ ಇಲಾಖೆ ಫಲಕಗಳಿಗೆ ಮಾಡುವ ವೆಚ್ಚದ ಒಂದು ಪಾಲನ್ನು ಇದಕ್ಕೆ ತೆಗೆದಿಟ್ಟರೆ ಬೆಂಗಳೂರಿನಿಂದ ಜೋಗದವರೆಗಿನ ಮೊದಲ ಸರಣಿ ಮುಂದಿನ ದಸರೆಯ ರಜೆಗೆ ಸಿದ್ಧವಾದೀತು. ನಮ್ಮ ಮನೆಯ ಮಕ್ಕಳು ಅಷ್ಟರವರೆಗೆ ಕಾಯುವ ಹಾಗೆ ಕಾಣುವುದಿಲ್ಲ. ತಾತನ ಎರಡನೆಯ ಸಂಚಿಕೆಗೆಂದು ಹನ್ನೊಂದು ಪ್ರಶ್ನೆಗಳನ್ನು ಈಗಾಗಲೇ ಮುದ್ರಿಸಿ ಕಳುಹಿಸಿದ್ದಾರೆ. ಮೊದಲನೆಯದು, ಅಷ್ಟೆತ್ತರದ ಮರದ ಕಾಯಿಯೊಳಗೆ ನೀರು ಹತ್ತಿದ್ದು ಹೇಗೆ ಎಂಬುದು.